ನೆತ್ತರಿನ ಹಾದಿ, ಅನ್ನದ ಹಾದಿ

1894ನೆಯ ಇಸವಿ ಜೂನ್ 24ರ ರಾತ್ರಿ. ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಆಗ ದೊಡ್ಡದೊಂದು ವಸ್ತುಪ್ರದರ್ಶನದ ಸಂಭ್ರಮ. ಅದರ ನಿಮಿತ್ತ ಬಂದಿದ್ದ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೋ ಅವರು ಔತಣವನ್ನು ಮುಗಿಸಿಕೊಂಡು ತೆರೆದ ಸಾರೋಟಿನಲ್ಲಿ ಹೊರಟಿದ್ದರು. ಜನಜಂಗುಳಿಯ ನಡುವಿನಿಂದ ಇಟಲಿಯ ತರುಣನೊಬ್ಬ ನುಗ್ಗಿ ಬಂದು ಅವರ ಹೊಟ್ಟೆಗೆ ಕಠಾರಿಯನ್ನಿಳಿಸಿದನು. ಕಸೇರಿಯೊ ಎಂಬ ಅರಾಜಕತಾವಾದಿ ಅವನು. ಊರಿನ ಹೆಸರಾಂತ ಶಸ್ತ್ರವೈದ್ಯರೆಲ್ಲ ಓಡಿಬಂದರು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆಲ್ಲ ಕಾರ್ನೋ ತೀರಿಕೊಂಡರು.

ಕಠಾರಿಯು ಯಕೃತ್ತನ್ನು ಸೀಳಿ, ಅದರೊಳಕ್ಕೆ ಹೋಗುವ ಹೆಬ್ಬೆರಳು ಗಾತ್ರದ ಅಭಿಧಮನಿಯನ್ನು ಕತ್ತರಿಸಿತ್ತು. ಉಂಡ ಅನ್ನದ ಸಾರವನ್ನು ಕರುಳಿನಿಂದ ಹೀರಿ ಯಕೃತ್ತಿಗೆ ಒಯ್ಯುವ ನಾಳವದು. ನೆತ್ತರಿನ ಹಾದಿಯೂ ಅನ್ನದ ಹಾದಿಯೂ ದೇಹದಲ್ಲಿ ಒಂದನ್ನೊಂದು ಕೂಡುವ ಸ್ಥಳವೆಂದರೂ ಸಲ್ಲುತ್ತದೆ. ಅಂದಿನ ಶಸ್ತ್ರವೈದ್ಯರಿಗೆ ಹರಿದ ರಕ್ತನಾಳವನ್ನು ದಾರದಿಂದ ಬಿಗಿದು ಕಟ್ಟುವ ವಿದ್ಯೆ ತಿಳಿದಿತ್ತು. ಹೊಲಿದು ಮತ್ತೆ ರಕ್ತ ಹರಿಯುವಂತೆ ಮಾಡುವ ವಿದ್ಯೆ ಬಹುಮಟ್ಟಿಗೆ ತಿಳಿದಿರಲಿಲ್ಲ. ಈ ನಾಳವನ್ನಾದರೋ ಕಟ್ಟಿಬಿಡುವಂತೆಯೂ ಇರಲಿಲ್ಲ.

ಅದೇ ಊರಿನಲ್ಲಿ ಅಲೆಕ್ಸಿ ಕ್ಯಾರೆಲ್ ಎಂಬ ವೈದ್ಯವಿದ್ಯಾರ್ಥಿಯೊಬ್ಬನಿದ್ದನು. ಅವನಿಗೆ ಇಪ್ಪತ್ತೊಂದು ವರ್ಷ ತುಂಬಲು ಇನ್ನೂ ನಾಲ್ಕು ದಿನವಿತ್ತು. ಹರಿದ ಅರಿವೆಯನ್ನು ಹೊಲಿಯಬಹುದಾದರೆ ಹರಿದ ನಾಳವನ್ನೇಕೆ ಹೊಲಿಯಬಾರದು ಎಂಬ ಪ್ರಶ್ನೆ ಅವನನ್ನು ಹಿಡಿದು ಕುಳಿತಿತು. ಲಿಯಾನ್ ರೇಷ್ಮೆಗೆ ಪ್ರಸಿದ್ಧವಾದ ಊರು. ಕ್ಯಾರೆಲ್ ಅಲ್ಲಿನ ಕಸೂತಿಗಾರ್ತಿ ಮದಾಂ ಲೆರುದಿಯೆ ಅವರ ಬಳಿ ಹೋಗಿ ಅತಿ ಸಣ್ಣ ಸೂಜಿಯನ್ನೂ ಅತಿ ನವುರಾದ ರೇಷ್ಮೆಯ ಎಳೆಯನ್ನೂ ಹಿಡಿಯುವುದನ್ನು ಕಲಿತನು. ಧಾರವಾಡದ ಕಸೂತಿಯನ್ನು ಬಲ್ಲ ಹೆಂಗಸರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಗಂಟು ಕಾಣದಂತೆ, ಹಿಂದುಮುಂದು ಒಂದೇ ಸಮನಾಗಿರುವಂತೆ ಎಳೆ ಹಾಕುವುದು ಎಷ್ಟು ತಾಳ್ಮೆಯ ಕೆಲಸವೆಂದು ಅವರಿಗೆ ಗೊತ್ತು. ವೈದ್ಯಶಾಲೆಯಲ್ಲಿ ಯಾರೂ ಕಲಿಸದ ಪಾಠವೊಂದನ್ನು ಶಸ್ತ್ರವೈದ್ಯವು ಹೀಗೆ ಒಬ್ಬ ಕಸೂತಿಗಾರ್ತಿಯಿಂದ ಕಲಿತಿತು.

1902ರಲ್ಲಿ ಕ್ಯಾರೆಲ್ ತನ್ನ ವಿಧಾನವನ್ನು ಪ್ರಕಟಿಸಿದನು. ತುಂಡಾದ ನಾಳದ ಎರಡು ತುದಿಗಳನ್ನು ಎದುರುಬದುರಾಗಿ ತಂದು, ಸಮಾನ ದೂರದ ಮೂರು ಕಡೆಗಳಲ್ಲಿ ಒಂದೊಂದು ಹೊಲಿಗೆ ಹಾಕಿ, ಆ ಮೂರು ದಾರಗಳನ್ನೂ ಮೆಲ್ಲಗೆ ಎಳೆದು ಹಿಡಿಯುವುದು. ಆಗ ದುಂಡಗಿನ ಬಾಯಿ ತ್ರಿಕೋನವಾಗುತ್ತದೆ. ಓರೆಕೋರೆಯಾಗಿ ಜಾರುವ ದುಂಡು ಅಂಚಿಗೆ ಬದಲು ನೇರವಾದ ಮೂರು ಅಂಚುಗಳು ಸಿಕ್ಕುತ್ತವೆ. ಮತ್ತೆ ಹೊಲಿಯುವುದೇನು ಕಷ್ಟ? ಹೇಳಿದ ಮೇಲೆ ಎಲ್ಲವೂ ಸುಲಭವೇ! ಈ ಸಾಧನೆಗಾಗಿ ಕ್ಯಾರೆಲ್‌ಗೆ 1912ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮುಂದಿನ ದಿನಗಳಲ್ಲಿ ಮನುಷ್ಯಕುಲದ ಸುಧಾರಣೆಯ ಬಗ್ಗೆ ಅವನು ಬರೆದ ಮಾತುಗಳು ತೀವ್ರ ಖಂಡನೆಗೆ ಗುರಿಯಾದವು, ಅದು ನ್ಯಾಯವೂ ಹೌದು. ಆದರೆ ಆ ಮೂರು ಹೊಲಿಗೆಗಳ ಋಣ ಮಾತ್ರ ಶಸ್ತ್ರವೈದ್ಯದ ಮೇಲೆ ಇಂದಿಗೂ ಉಳಿದಿದೆ.

ರಕ್ತನಾಳದ ಹೊಲಿಗೆಗೆ ಎರಡು ಬಗೆಯ ಸೋಲುಂಟು. ಸಡಿಲವಾದರೆ ಸೋರುತ್ತದೆ. ಒಳಮೈ ಒರಟಾದರೆ, ಇಲ್ಲವೆ ನಾಳ ಕಿರಿದಾದರೆ, ರಕ್ತ ಅಲ್ಲಿಯೇ ಹೆಪ್ಪುಗಟ್ಟಿ ಹಾದಿ ಮುಚ್ಚುತ್ತದೆ. ಮುಚ್ಚಿದ ಹಾದಿಯ ಆಚೆಗಿರುವ ಅಂಗಗಳು ಎಷ್ಟು ಹೊತ್ತು ತಾಳಬಲ್ಲವು? ಮಿದುಳು ಕೆಲವೇ ನಿಮಿಷ. ಕಾಲಿನ ಸ್ನಾಯುಗಳು ಸುಮಾರು ಆರು ಗಂಟೆ. ಕರುಳಿಗೂ ಲೆಕ್ಕ ಗಂಟೆಗಳದೇ, ದಿನಗಳದಲ್ಲ.

ಕರುಳಿನ ಮಾತು

ರಕ್ತನಾಳದ ಹೊಲಿಗೆ ಇಪ್ಪತ್ತನೆಯ ಶತಮಾನದ ವಿದ್ಯೆಯಾದರೆ ಕರುಳಿನ ಹೊಲಿಗೆ ಬಹು ಪ್ರಾಚೀನವಾದುದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗಗಳನ್ನು ಹೇಳುವ ಕಡೆ ಇದರ ವರ್ಣನೆಯಿದೆ. ಕರುಳು ತೂತಾಗಿ ಸೋರುತ್ತಿದ್ದರೆ ಹೊಟ್ಟೆಯನ್ನು ಸೀಳಿ, ಕರುಳನ್ನು ಹೊರತೆಗೆದು, ಚುಚ್ಚಿಕೊಂಡಿರುವುದನ್ನು ನೀಗಿ, ತೂತಿನ ಅಂಚುಗಳನ್ನು ಕೂಡಿಸಿ ಹಿಡಿದು ಕಪ್ಪಿರುವೆಗಳಿಂದ ಕಚ್ಚಿಸಬೇಕು. ಕಚ್ಚಿದ ಮೇಲೆ ಇರುವೆಗಳ ಮೈಯನ್ನು ಕತ್ತರಿಸಿ, ತಲೆಗಳನ್ನು ಹಾಗೆಯೇ ಬಿಟ್ಟು, ಕರುಳನ್ನು ಒಳಕ್ಕೆ ಸೇರಿಸಿ ಹೊಟ್ಟೆಯನ್ನು ಹೊಲಿಯಬೇಕು. ಕೇಳಿದವರು ನಗಬಹುದು. ಆದರೆ ಹೊರಗಿನಿಂದ ತೆಗೆಯಬೇಕಾಗಿಲ್ಲದ, ತನ್ನಷ್ಟಕ್ಕೆ ಕರಗಿಹೋಗುವ ಬಂಧನ ಬೇಕೆಂಬ ತಿಳಿವಳಿಕೆ ಅದರಲ್ಲಿದೆ. ಬಹುಕಾಲದ ಅನಂತರ ಪಾಶ್ಚಾತ್ಯ ವೈದ್ಯರು ಕುರಿಯ ಕರುಳಿನ ಎಳೆಯಿಂದ ಮಾಡಿದ, ಮೈಯಲ್ಲಿ ಕರಗುವ ಕ್ಯಾಟ್‌ಗಟ್ ದಾರವನ್ನು ಬಳಸಿದರು. ಕರುಳನ್ನು ಕರುಳಿನಿಂದಲೇ ಹೊಲಿದಂತಾಯಿತು!

ಕರುಳಿನ ಹೊಲಿಗೆಯ ಗುಟ್ಟನ್ನು 1826ರಲ್ಲಿ ಬಿಡಿಸಿಟ್ಟವನು ಪ್ಯಾರಿಸ್ಸಿನ ಆಂತ್ವಾನ್ ಲಾಂಬೆರ್. ಕತ್ತರಿಸಿದ ಅಂಚುಗಳನ್ನು ಒಳಕ್ಕೆ ಮಡಿಸಿ, ನುಣುಪಾದ ಹೊರಪೊರೆಗೆ ಹೊರಪೊರೆಯೇ ತಗಲುವಂತೆ ಹೊಲಿದರೆ ಎರಡೂ ಬೇಗನೆ ಬೆಸೆದುಕೊಳ್ಳುತ್ತವೆ ಎಂದು ಅವನು ತೋರಿಸಿದನು. ಇಂದು ದಾರದ ಬದಲು ಸಾಲಾಗಿ ಲೋಹದ ಮೊಳೆ ಹಾಕುವ ಸ್ಟೇಪ್ಲರ್ ಯಂತ್ರಗಳಿವೆ. ಸಣ್ಣ ರಂಧ್ರಗಳ ಮೂಲಕವೇ ದೂರದರ್ಶಕವನ್ನು ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಿದೆ. ಸಾಧನ ಯಾವುದಾದರೂ ಕರುಳಿನ ಬೆಸುಗೆಗೆ ಬೇಕಾದುವು ಎರಡೇ: ಎರಡು ತುದಿಗಳಿಗೂ ರಕ್ತ ಚೆನ್ನಾಗಿ ಬರುತ್ತಿರಬೇಕು, ತುದಿಗಳು ಎಳೆದಾಡದೆ ತಾವಾಗಿ ಕೂಡುವಂತಿರಬೇಕು.

ಆದರೂ ಕರುಳಿನ ಹೊಲಿಗೆಯಲ್ಲಿ ರಕ್ತನಾಳದಲ್ಲಿಲ್ಲದ ಒಂದು ಭಯವಿದೆ. ರಕ್ತ ನಿರ್ಮಲವಾದುದು, ಕರುಳಿನೊಳಗಿನದು ಹಾಗಲ್ಲ. ನಾಳದ ಹೊಲಿಗೆ ಬಿಟ್ಟರೆ ಅದು ಸಾಮಾನ್ಯವಾಗಿ ಅಂದೇ ಗೊತ್ತಾಗುತ್ತದೆ. ಕರುಳಿನ ಹೊಲಿಗೆ ಮೋಸ ಮಾಡುವುದು ಐದಾರು ದಿನ ಕಳೆದ ಮೇಲೆ, ರೋಗಿ ಎದ್ದು ಕುಳಿತು, ಮನೆಮಂದಿ ನಿಟ್ಟುಸಿರುಬಿಟ್ಟ ಮೇಲೆ. ನಾಡಿ ಏರುತ್ತದೆ, ಜ್ವರ ಬರುತ್ತದೆ, ಹೊಟ್ಟೆ ಉಬ್ಬುತ್ತದೆ. ಸೋರಿದ ಕಲ್ಮಷವು ಹೊಟ್ಟೆಯ ಒಳಪೊರೆಗೆಲ್ಲ ಹರಡಿ ಕೀವಾದರೆ ಎರಡನೆಯ ಬಾರಿ ಹೊಟ್ಟೆಯನ್ನು ತೆರೆಯದೆ ಗತಿಯಿಲ್ಲ. ದೊಡ್ಡ ಕರುಳಿನ ಬೆಸುಗೆಗಳಲ್ಲಿ ನೂರಕ್ಕೆ ಕೆಲವು ಹೀಗೆ ಸೋರುತ್ತವೆ. ಮಲದ್ವಾರಕ್ಕೆ ಸಮೀಪವಾದಷ್ಟೂ ಅಪಾಯ ಹೆಚ್ಚಿ ಹತ್ತರ ಆಸುಪಾಸಿಗೆ ಬರುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಯಾದ ಮೊದಲ ವಾರದಲ್ಲಿ ಕಾರಣವಿಲ್ಲದೆ ಓಡುವ ನಾಡಿಯನ್ನು ಅನುಭವಿಯಾದ ಶಸ್ತ್ರವೈದ್ಯನು ಎಂದೂ ಹಗುರವಾಗಿ ಕಾಣುವುದಿಲ್ಲ.

ಹೊಲಿಗೆ ನಿಲ್ಲುವುದೆಂಬ ಭರವಸೆಯಿಲ್ಲದಾಗ ವೈದ್ಯರು ಕರುಳಿನ ತುದಿಯೊಂದನ್ನು ಹೊಟ್ಟೆಯ ಮೇಲೆ ತಂದು ಬಾಯಿ ಮಾಡಿ, ಮಲವು ಚೀಲಕ್ಕೆ ಬೀಳುವಂತೆ ಮಾಡುತ್ತಾರೆ. ಇದನ್ನು ಕೇಳಿದೊಡನೆಯೇ ಎಷ್ಟೋ ಮನೆಗಳಲ್ಲಿ ಅಳು ಆರಂಭವಾಗುತ್ತದೆ. ಬದುಕೇ ಮುಗಿಯಿತೆಂದು ರೋಗಿ ತಿಳಿಯುತ್ತಾನೆ. ಎಲ್ಲರಿಗೂ ಅದು ಶಾಶ್ವತವಲ್ಲ. 1981ರ ಮೇ 13ರಂದು ರೋಮಿನಲ್ಲಿ ಎರಡನೆಯ ಜಾನ್ ಪಾಲ್ ಪೋಪ್ ಅವರ ಹೊಟ್ಟೆಗೆ ಗುಂಡು ತಗುಲಿ ಸಣ್ಣ ಕರುಳೂ ದೊಡ್ಡ ಕರುಳೂ ಛಿದ್ರವಾದವು. ಗುಂಡು ಮುಖ್ಯ ಧಮನಿಗೆ ತಾಗದೆ ಕೂದಲೆಳೆಯ ಅಂತರದಲ್ಲಿ ಹಾದುಹೋಗಿತ್ತು. ತಾಗಿದ್ದರೆ ಅವರದೂ ಕಾರ್ನೋ ಅವರ ಗತಿಯೇ ಆಗುತ್ತಿತ್ತು. ಐದು ಗಂಟೆಗೂ ಮೀರಿ ನಡೆದ ಆ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಇಂಥದೇ ತಾತ್ಕಾಲಿಕ ಮಲದ್ವಾರವನ್ನು ಮಾಡಿದರು. ನಡುವೆ ಸೋಂಕು ತಗುಲಿ ಪೋಪ್ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಆಗಸ್ಟ್ 5ರಂದು ಅದನ್ನು ಮುಚ್ಚಿದರು. ಅವರು ಬದುಕಿದ್ದುದು 2005ರವರೆಗೆ.

ಕರುಳಿನ ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ವೈದ್ಯರು ದಿನವೂ ಕೇಳುವ ಪ್ರಶ್ನೆಯೊಂದಿದೆ: ‘ಗಾಳಿ ಹೋಯಿತೇ?’ ಸಭ್ಯ ಗೃಹಸ್ಥರಿಗೆ ಇದು ಸಂಕೋಚದ ಮಾತು. ಆದರೆ ಮುಟ್ಟಿದ ಮಾತ್ರಕ್ಕೆ ಮುನಿಸಿಕೊಂಡು ಸುಮ್ಮನೆ ಬಿದ್ದಿರುವ ಕರುಳು ಮತ್ತೆ ಕೆಲಸಕ್ಕೆ ತೊಡಗಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ. ಹಿಂದೆ ಆ ಸುದ್ದಿ ಬರುವವರೆಗೂ ರೋಗಿಗೆ ಗುಟುಕು ನೀರೂ ಇರಲಿಲ್ಲ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ಈ ಉಪವಾಸವನ್ನೇ ಪ್ರಶ್ನಿಸಿದರು. ಬೇಗನೆ ಎಬ್ಬಿಸಿ ನಡೆಸಿದರೆ, ಬೇಗನೆ ತುಸು ತುಸು ಆಹಾರ ಕೊಟ್ಟರೆ, ರೋಗಿ ಬೇಗನೆ ಮನೆಗೆ ಹೋಗುತ್ತಾನೆಂದು ತೋರಿಸಿದರು. ಈಗ ಬಹಳ ಕಡೆ ಮರುದಿನವೇ ರೋಗಿಯನ್ನು ಮಂಚದಿಂದಿಳಿಸುತ್ತಾರೆ. ‘ಇದೇನು ನಿರ್ದಯೆ’ ಎಂದು ಮನೆಯವರು ಗೊಣಗುವುದೂ ಉಂಟು.

ಎರಡು ಹಾದಿಗಳೂ ಒಟ್ಟಿಗೆ ಕೆಡುವ ಸಂದರ್ಭವೊಂದಿದೆ. ಹೃದಯದಿಂದ ಬಂದ ರಕ್ತದ ಹೆಪ್ಪು ಕರುಳಿನ ಧಮನಿಯಲ್ಲಿ ಸಿಕ್ಕಿಕೊಂಡರೆ ಕರುಳು ಉಸಿರುಕಟ್ಟಿದಂತಾಗುತ್ತದೆ. ಹೃದಯದ ಬಡಿತ ಲಯ ತಪ್ಪಿರುವ ಮುದುಕರಲ್ಲಿ ಇದು ಹೆಚ್ಚು. ರೋಗಿ ನೋವಿನಿಂದ ಹೊರಳಾಡುತ್ತಾನೆ. ಹೊಟ್ಟೆಯನ್ನು ಮುಟ್ಟಿದರೆ ಮೆತ್ತಗೇ ಇರುತ್ತದೆ! ಈ ವೈರುಧ್ಯದಲ್ಲಿಯೇ ಆಪತ್ತಿನ ಸೂಚನೆಯಿದೆ. ‘ವಾಯು’ವೆಂದು ಓಮದ ಕಷಾಯ ಕೊಟ್ಟು ರಾತ್ರಿ ಕಳೆದರೆ ಬೆಳಗಾಗುವುದರಲ್ಲಿ ಕರುಳು ಕಪ್ಪಾಗಿರುತ್ತದೆ. ಆಮೇಲೆ ಎಂಥ ನಿಪುಣನ ಕೈಯಲ್ಲಿಯೂ ಉಳಿಯುವವರಿಗಿಂತ ಅಳಿಯುವವರೇ ಹೆಚ್ಚು.

ಐನ್‌ಸ್ಟೈನರ ನಿರಾಕರಣೆ

ಹೃದಯದಿಂದ ಹೊರಟು ಬೆನ್ನೆಲುಬಿನ ಮುಂದೆ ಹೊಟ್ಟೆಗಿಳಿಯುವ ಮಹಾಧಮನಿಯು ಅಲ್ಲಿ ಸುಮಾರು ಎರಡು ಸೆಂಟಿಮೀಟರ್ ಅಗಲವಿರುತ್ತದೆ. ಕೆಲವರಲ್ಲಿ, ಮುಖ್ಯವಾಗಿ ಧೂಮಪಾನ ಮಾಡಿದ ವಯಸ್ಸಾದ ಗಂಡಸರಲ್ಲಿ, ಅದರ ಗೋಡೆ ಸೋತು, ಹಳೆಯ ಸೈಕಲ್ ಟ್ಯೂಬಿನಂತೆ ಒಂದೆಡೆ ಉಬ್ಬುತ್ತ ಬರುತ್ತದೆ. ನೋವಿಲ್ಲ, ಸುಳಿವಿಲ್ಲ. ಒಂದು ದಿನ ಒಡೆಯುತ್ತದೆ. ಒಡೆದವರಲ್ಲಿ ಬಹುಪಾಲು ಮಂದಿ ಉಳಿಯುವುದಿಲ್ಲ, ಅನೇಕರು ಆಸ್ಪತ್ರೆಯನ್ನೂ ಮುಟ್ಟುವುದಿಲ್ಲ.

1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ಅರವತ್ತೊಂಬತ್ತು ವಯಸ್ಸಿನ ರೋಗಿಯೊಬ್ಬರ ಹೊಟ್ಟೆಯನ್ನು ತೆರೆದಾಗ ಅಲ್ಲಿ ಕಂಡುದು ಚಕ್ಕೋತದ ಹಣ್ಣಿನಂತಹ ಇಂಥದೊಂದು ಉಬ್ಬು. ಆ ರೋಗಿ ಆಲ್ಬರ್ಟ್ ಐನ್‌ಸ್ಟೈನ್. ಹಿಟ್ಲರನ ಕಾಲದಲ್ಲಿ ಜರ್ಮನಿಯನ್ನು ಬಿಟ್ಟು ಬಂದವರು ಇಬ್ಬರೂ. ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು ಬೇರೆ ನಾಳವನ್ನು ಕೂಡಿಸುವ ಸಾಹಸವನ್ನು ಆಗಿನ್ನೂ ಯಾರೂ ಮಾಡಿರಲಿಲ್ಲ. ನಿಸ್ಸೆನ್ ಅದರ ಸುತ್ತ ಸೆಲೊಫೇನ್ ಹಾಳೆಯನ್ನು ಸುತ್ತಿದರು. ಹೌದು, ಮಿಠಾಯಿಗೆ ಸುತ್ತುವ ಅದೇ ಪಾರದರ್ಶಕ ಹಾಳೆ! ಅದು ಮೈಗೆ ಒಗ್ಗದೆ ಸುತ್ತಲೂ ಗಾಯದ ಕಲೆಯಂತಹ ಗಟ್ಟಿ ಪೊರೆ ಬೆಳೆದು ಉಬ್ಬನ್ನು ಬಿಗಿಹಿಡಿಯಲಿ ಎಂಬುದು ಉದ್ದೇಶ. ಐನ್‌ಸ್ಟೈನ್ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಅಷ್ಟರಲ್ಲಿ ಕಾಲ ಬದಲಾಯಿತು. 1951ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೊಸ್ಟ್ ಅವರು ಉಬ್ಬಿದ ಮಹಾಧಮನಿಯನ್ನು ತೆಗೆದುಹಾಕಿ, ಮೃತಳಾದ ಯುವತಿಯೊಬ್ಬಳ ಧಮನಿಯನ್ನು ಅಲ್ಲಿ ಹೊಲಿದರು. ಮೃತರ ನಾಳ ಬೇಕೆಂದಾಗ ಸಿಕ್ಕುವ ವಸ್ತುವಲ್ಲವಷ್ಟೆ. ನ್ಯೂಯಾರ್ಕಿನ ಆರ್ಥರ್ ವೂರ್‌ಹೀಸ್ ಎಂಬ ತರುಣ ವೈದ್ಯನು ನಾಯಿಯ ಹೃದಯದೊಳಗೆ ಉಳಿದ ರೇಷ್ಮೆಯ ಎಳೆಯೊಂದರ ಮೇಲೆ ಹೊಳೆಯುವ ತೆಳುಪೊರೆ ಬೆಳೆದಿರುವುದನ್ನು ಗಮನಿಸಿ, ಬಟ್ಟೆಯಿಂದಲೇ ನಾಳವನ್ನು ಮಾಡಬಹುದೆಂದು ತರ್ಕಿಸಿದನು. 1952ರಲ್ಲಿ ಅವನ ಪ್ರಯೋಗಗಳು ಪ್ರಕಟವಾದವು. ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಅಂಗಡಿಗೆ ಹೋಗಿ ನೈಲಾನ್ ಕೇಳಿದರಂತೆ. ಅದು ಮುಗಿದಿದೆ, ಡೇಕ್ರಾನ್ ಎಂಬ ಹೊಸ ಬಟ್ಟೆಯಿದೆ ಎಂದರಂತೆ ಅಂಗಡಿಯವರು. ನಮ್ಮವರು ಟೆರಿಲಿನ್ ಎಂದು ಕರೆದು ಅಂಗಿ ಹೊಲಿಸಿಕೊಂಡ ಬಟ್ಟೆಯದೇ ಜಾತಿ. ಬಾಲ್ಯದಲ್ಲಿ ತಾಯಿಯಿಂದ ಹೊಲಿಗೆ ಕಲಿತಿದ್ದ ಡಿಬೇಕಿ ಮನೆಯ ಹೊಲಿಗೆಯಂತ್ರದಲ್ಲಿಯೇ ಅದನ್ನು ಕೊಳವೆಯಾಗಿ ಹೊಲಿದರು. ಡೇಕ್ರಾನ್ ನಾಳಗಳು ಇಂದಿಗೂ ಬಳಕೆಯಲ್ಲಿವೆ.

1955ರ ಏಪ್ರಿಲಿನಲ್ಲಿ ಐನ್‌ಸ್ಟೈನರ ಮಹಾಧಮನಿ ಒಡೆಯಿತು. ನ್ಯೂಯಾರ್ಕಿನಿಂದ ಬಂದ ಶಸ್ತ್ರವೈದ್ಯ ಫ್ರಾಂಕ್ ಗ್ಲೆನ್ ಶಸ್ತ್ರಚಿಕಿತ್ಸೆ ಮಾಡಬಹುದೆಂದರು. ಐನ್‌ಸ್ಟೈನ್ ಒಪ್ಪಲಿಲ್ಲ. ತನ್ನ ಪಾಲಿನ ಕೆಲಸ ಮುಗಿದಿದೆ, ಕೃತಕವಾಗಿ ಆಯುಸ್ಸನ್ನು ಎಳೆಯುವುದು ತನಗೆ ಸೊಗಸದು ಎಂದು ತಿಳಿಸಿದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನ ಆಸ್ಪತ್ರೆಯಲ್ಲಿ ಅವರ ಉಸಿರು ನಿಂತಿತು. ಒಪ್ಪಿದ್ದರೆ ಉಳಿಯುತ್ತಿದ್ದರೇ? ಅಂದಿನ ಸ್ಥಿತಿಯಲ್ಲಿ ಒಡೆದ ಧಮನಿಯ ಶಸ್ತ್ರಚಿಕಿತ್ಸೆ ಎಪ್ಪತ್ತಾರರ ಮುದುಕರಿಗೆ ಬದುಕಿಗಿಂತ ಸಾವನ್ನೇ ಹತ್ತಿರವಾಗಿಸುವಂತಹುದು. ಅವರ ನಿರ್ಧಾರ ಹುಚ್ಚುತನವಾಗಿರಲಿಲ್ಲ.

ಕತ್ತಿಯ ಭಯ, ಕಾಯುವ ಭಯ

ಈ ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯನು ತೂಗಬೇಕಾದುದು ಎರಡು ಭಯಗಳನ್ನು. ಕತ್ತಿಯಿಂದ ಬರುವ ಸಾವು ಇಂದಿನದು. ಬಿಟ್ಟರೆ ಬರುವ ಸಾವು ಎಂದಿನದೋ. ಬ್ರಿಟನ್ನಿನಲ್ಲಿ ನಾಲ್ಕರಿಂದ ಐದೂವರೆ ಸೆಂಟಿಮೀಟರ್ ಅಗಲದ ಉಬ್ಬುಳ್ಳ 1090 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ, ಇನ್ನೊಂದನ್ನು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ನೋಡುತ್ತ ಬಂದರು. 1998ರಲ್ಲಿ ಹೊರಬಂದ ಫಲಿತಾಂಶವು ಅನೇಕ ಶಸ್ತ್ರವೈದ್ಯರ ಉತ್ಸಾಹವನ್ನು ತಗ್ಗಿಸಿತು. ಬೇಗನೆ ಕತ್ತರಿಸಿದ್ದರಿಂದ ಹೆಚ್ಚು ಜನ ಬದುಕಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೂವತ್ತು ದಿನಗಳೊಳಗೆ ನೂರಕ್ಕೆ 5.8ರಷ್ಟು ಮಂದಿ ತೀರಿಕೊಂಡರು. ಹಾಗೆಯೇ ಬಿಟ್ಟವರಲ್ಲಿ ಉಬ್ಬು ಒಡೆದುದು ವರ್ಷಕ್ಕೆ ನೂರರಲ್ಲಿ ಒಂದರಷ್ಟು. ಐದೂವರೆ ಸೆಂಟಿಮೀಟರಿನವರೆಗೆ ಗಂಡಸರಲ್ಲಿ ಕಾದು ನೋಡುವ ಪದ್ಧತಿಗೆ ಇದು ಆಧಾರವಾಯಿತು.

ಹೊಟ್ಟೆಯನ್ನು ತೆರೆಯದೆಯೇ ತೊಡೆಯ ಸಂದಿನ ಧಮನಿಯ ಮೂಲಕ ಮಡಿಸಿದ ಕೃತಕ ನಾಳವನ್ನು ಮೇಲಕ್ಕೇರಿಸಿ ಒಳಗೆ ಬಿಡಿಸುವ ಉಪಾಯವನ್ನು 1990ರಲ್ಲಿ ಬ್ಯೂನಸ್ ಐರಿಸ್ಸಿನಲ್ಲಿ ಹುವಾನ್ ಪರೋಡಿ ಹೊಟ್ಟೆಯ ಮಹಾಧಮನಿಯಲ್ಲಿ ಮಾಡಿ ತೋರಿಸಿದರು. 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಇನ್ನೊಂದು ಪರೀಕ್ಷೆಯಲ್ಲಿ ಮೊದಲ ಮೂವತ್ತು ದಿನಗಳ ಸಾವು ಹೊಟ್ಟೆ ತೆರೆದವರಲ್ಲಿ ನೂರಕ್ಕೆ 4.7, ಈ ಹೊಸ ವಿಧಾನದಲ್ಲಿ 1.7. ಇನ್ನೇನು ಬೇಕು ಎಂದುಕೊಂಡವರಿಗೆ 2016ರಲ್ಲಿ ಉತ್ತರ ಸಿಕ್ಕಿತು. ಎಂಟು ವರ್ಷಗಳಾಚೆ ನೋಡಿದರೆ ಬದುಕುಳಿದವರು ಹಳೆಯ ವಿಧಾನದವರಲ್ಲಿಯೇ ಹೆಚ್ಚು! ಒಳಗೆ ಇಟ್ಟ ನಾಳ ಜರುಗಬಹುದು, ಪಕ್ಕದಿಂದ ರಕ್ತ ಜಿನುಗಬಹುದು, ಉಬ್ಬು ಕೊನೆಗೂ ಒಡೆಯಬಹುದು. ಆದಕಾರಣ ಅಂಥವರು ಜೀವನಪರ್ಯಂತ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಎಪ್ಪತ್ತೈದು ದಾಟಿದ, ಹೃದಯ ದುರ್ಬಲವಾದವರಿಗೆ ಒಂದು ಒಳ್ಳೆಯದಾದರೆ, ಅರವತ್ತರ ಗಟ್ಟಿಮುಟ್ಟಾದವರಿಗೆ ಇನ್ನೊಂದು ಒಳ್ಳೆಯದು.

ಇಲ್ಲಿಯೂ ಕರುಳು ತನ್ನ ಹಕ್ಕನ್ನು ಬಿಡುವುದಿಲ್ಲ. ಹೊಟ್ಟೆಯ ಮಹಾಧಮನಿಯನ್ನು ಬದಲಿಸುವಾಗ ದೊಡ್ಡ ಕರುಳಿನ ಎಡಭಾಗಕ್ಕೆ ರಕ್ತ ಕೊಡುವ ಕವಲೊಂದನ್ನು ಎಷ್ಟೋ ವೇಳೆ ಮುಚ್ಚಬೇಕಾಗುತ್ತದೆ. ನೆರೆಯ ಕವಲುಗಳು ಹೊಣೆ ಹೊತ್ತರೆ ಸರಿ. ಹೊರದಿದ್ದರೆ, ನೂರಕ್ಕೆ ಕೆಲವರಲ್ಲಿ, ಧಮನಿಯ ಹೊಲಿಗೆ ಗೆದ್ದರೂ ಕರುಳು ಸೋಲುತ್ತದೆ. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿಯೇ ರಕ್ತಮಿಶ್ರಿತ ಭೇದಿಯಾದರೆ ದಾದಿಯರು ತಡಮಾಡದೆ ವೈದ್ಯರನ್ನು ಕರೆಯುವುದು ಇದಕ್ಕಾಗಿಯೇ.

ಶಸ್ತ್ರವೈದ್ಯನ ಕೈಚಳಕವನ್ನೇ ಎಲ್ಲರೂ ಹೊಗಳುತ್ತಾರೆ. ರೋಗಿಯ ಕೈಯಲ್ಲಿರುವುದೂ ಕಡಮೆಯಲ್ಲ. ನಾಲ್ಕಾರು ವಾರ ಮೊದಲೇ ಸಿಗರೇಟು ಬೀಡಿಗಳನ್ನು ಬಿಟ್ಟವನ ಗಾಯ ಬೇಗ ಮಾಯುತ್ತದೆ, ಶ್ವಾಸಕೋಶ ಕೆಡುವುದು ಕಡಮೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆಗೂ ಅಪರಾತ್ರಿಯಲ್ಲಿ ಆಪತ್ತಿಗೆಂದು ಮಾಡುವುದಕ್ಕೂ ಅಜಗಜಾಂತರ. 1985ರ ಜುಲೈ 13ರಂದು ಅಮೆರಿಕದ ಅಧ್ಯಕ್ಷ ರೇಗನ್ ಅವರ ದೊಡ್ಡ ಕರುಳಿನ ಬಲಭಾಗವನ್ನು, ಅಲ್ಲಿ ಬೆಳೆದಿದ್ದ ಗಂಟಿನ ಸಹಿತ, ತೆಗೆದುಹಾಕಿದರು. ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಒಂದು ವಾರಕ್ಕೆ ಅವರು ಮನೆಗೆ ಬಂದರು. ಆಗ ಅವರಿಗೆ ಎಪ್ಪತ್ತನಾಲ್ಕು. ಇನ್ನೂ ಹತ್ತೊಂಬತ್ತು ವರ್ಷ ಬಾಳಿದರು. ಅದೇ ಗಂಟು ಬೆಳೆದು ಕರುಳನ್ನು ಮುಚ್ಚುವವರೆಗೆ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಡಿಬೇಕಿಯವರ ಸರದಿ

ಹೊಲಿಗೆಯಂತ್ರದಲ್ಲಿ ಧಮನಿ ಹೊಲಿದ ಆ ಮೈಕೆಲ್ ಡಿಬೇಕಿ ಅವರಿಗೆ ತೊಂಬತ್ತೇಳು ವರ್ಷ. 2005ರ ಡಿಸೆಂಬರ್ 31ರಂದು ಹ್ಯೂಸ್ಟನ್ನಿನ ಮನೆಯಲ್ಲಿ ಒಬ್ಬರೇ ಕುಳಿತಿದ್ದಾಗ ಎದೆಯಲ್ಲಿ ಕಿತ್ತುಹೋಗುವಂಥ ನೋವು ಬಂದಿತು. ಮಹಾಧಮನಿಯ ಗೋಡೆಯ ಪದರಗಳು ಸೀಳಿಕೊಂಡು ರಕ್ತ ಅವುಗಳ ನಡುವೆ ನುಗ್ಗುತ್ತಿದೆ ಎಂದು ಅವರೇ ಊಹಿಸಿದರು. ಊಹೆ ತಪ್ಪಲು ಹೇಗೆ ಸಾಧ್ಯ? ಆ ರೋಗದ ಶಸ್ತ್ರಚಿಕಿತ್ಸೆಯನ್ನು ಜಗತ್ತಿಗೆ ಕಲಿಸಿದವರಲ್ಲಿ ಅವರು ಮೊದಲಿಗರು.

ಅವರು ಶಸ್ತ್ರಚಿಕಿತ್ಸೆ ಬೇಡವೆಂದರು. ಐನ್‌ಸ್ಟೈನರ ಮಾತೇ ಮತ್ತೆ ಕೇಳಿಬಂದಂತಾಯಿತು. ವಾರಗಳುರುಳಿದವು. ಉಬ್ಬು ಹಿಗ್ಗಿತು, ಡಿಬೇಕಿ ಮಾತಾಡಲಾರದ ಸ್ಥಿತಿಗೆ ಬಂದರು. ಆಸ್ಪತ್ರೆಯ ಅರಿವಳಿಕೆಯ ವೈದ್ಯರು ಈ ವಯಸ್ಸಿನವರಿಗೆ, ಅದೂ ಅವರು ಬೇಡವೆಂದಿರುವಾಗ, ಅರಿವಳಿಕೆ ಕೊಡಲು ಒಪ್ಪಲಿಲ್ಲ. 2006ರ ಫೆಬ್ರವರಿಯ ಒಂದು ರಾತ್ರಿ ಆಸ್ಪತ್ರೆಯ ನೀತಿಸಮಿತಿ ಕೂಡಿತು. ಆ ಸಭೆಗೆ ಡಿಬೇಕಿಯವರ ಹೆಂಡತಿ ಕಟ್ರಿನ್ ಕರೆಯಿಲ್ಲದೆಯೇ ನುಗ್ಗಿ, ಕೂಡಲೇ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಹಟಹಿಡಿದರು. ಬಹುಕಾಲದ ಸಹೋದ್ಯೋಗಿ ಜಾರ್ಜ್ ನೂನ್ ಕತ್ತಿ ಹಿಡಿದರು. ಶಸ್ತ್ರಚಿಕಿತ್ಸೆ ಏಳು ಗಂಟೆ ನಡೆಯಿತು. ಸೀಳಿದ ಧಮನಿಯನ್ನು ತೆಗೆದು ಹೊಲಿದದ್ದು ಡೇಕ್ರಾನ್ ನಾಳವನ್ನು.

ಫಲ ಸುಲಭವಾಗಿ ದೊರೆಯಲಿಲ್ಲ. ಉಸಿರಾಟಕ್ಕೆ ಯಂತ್ರ, ಮೂತ್ರಪಿಂಡಗಳಿಗೆ ಯಂತ್ರ, ಸೋಂಕುಗಳು, ತಿಂಗಳುಗಟ್ಟಲೆ ಹಾಸಿಗೆ. ಖರ್ಚು ಹತ್ತು ಲಕ್ಷ ಡಾಲರನ್ನು ಮೀರಿತು. ಸೆಪ್ಟೆಂಬರಿನಲ್ಲಿ ಅವರು ಮನೆಗೆ ಮರಳಿದರು. ತಮ್ಮ ಇಚ್ಛೆಯನ್ನು ಮೀರಿ ನಡೆದುದಕ್ಕೆ ಕೋಪವೇನಾದರೂ ಉಂಟೇ ಎಂದು ಕೇಳಿದವರಿಗೆ, ಮಾಡಿದ್ದು ಒಳ್ಳೆಯದಾಯಿತೆಂದೇ ಹೇಳಿದರು. ಆದರೂ ನೀತಿಶಾಸ್ತ್ರ ಬಲ್ಲವರು ಆ ರಾತ್ರಿಯ ನಿರ್ಧಾರದ ವಿಷಯದಲ್ಲಿ ವಾದಿಸುತ್ತಲೇ ಇದ್ದರು. ರೋಗಿ ಬದುಕಿದನೆಂಬ ಕಾರಣಕ್ಕೆ ಮಾತ್ರ ಅದು ಸರಿಯಾಯಿತೇ, ಸತ್ತಿದ್ದರೆ ಏನೆನ್ನುತ್ತಿದ್ದರು ಎಂಬುದು ಅವರ ಪ್ರಶ್ನೆ.

2008ರ ಏಪ್ರಿಲಿನಲ್ಲಿ ಡಿಬೇಕಿ ವಾಷಿಂಗ್ಟನ್ನಿಗೆ ಹೋಗಿ ಅಮೆರಿಕದ ಕಾಂಗ್ರೆಸ್ಸಿನ ಸುವರ್ಣ ಪದಕವನ್ನು ಸ್ವೀಕರಿಸಿದರು. ಅದೇ ವರ್ಷ ಜುಲೈ 11ರಂದು, ನೂರು ತುಂಬಲು ಇನ್ನೆರಡು ತಿಂಗಳಿಗೂ ಕಡಮೆಯಿರುವಾಗ, ತೀರಿಕೊಂಡರು.